ಹೂಳದೆ ಉಳಿದ ನೀಲಿ ಡ್ರಮ್ಮುಗಳು

ಕೊಡಲಿಯ ಮೂರನೆಯ ಏಟಿಗೆ ಡ್ರಮ್ಮು ಸೀಳಿತು. ಮೂರು ದಿನಕ್ಕೊಮ್ಮೆ ಬರುವ ನೀರು, ಭರ್ತಿ ಇನ್ನೂರು ಲೀಟರು, ವಠಾರದ ಅಂಗಳಕ್ಕೆ ನುಗ್ಗಿತು. ಒಲೆ ಆರಿತು. ಚಾಪೆಯ ಮೇಲೆ ಒಣಹಾಕಿದ್ದ ಜೋಳ ತೇಲಿಕೊಂಡು ಹೋಗಿ ಮೋರಿ ಸೇರಿತು.

"ಮುಂದಿಂದು ಒಡೀರೋ!" ಎಂದು ಕೊಡಲಿ ಹಿಡಿದವನು ಕೂಗಿದ.

ನಾನೂ ಜಹನಾರಾಳೂ ಅವಳ ಸ್ಕೂಟರಿಳಿದು ಕೆ.ಆರ್. ಪುರ ಸ್ಟೇಷನ್ನಿನ ಹಿಂದಿನ ಆ ವಠಾರಕ್ಕೆ ಕಾಲಿಟ್ಟಾಗ ಬೆಳಗಿನ ಹತ್ತೂವರೆ. ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ಸಾಲಾಗಿ ಹನ್ನೆರಡು ಬಾಡಿಗೆ ರೂಮು, ಒಂದೊಂದು ಬಾಗಿಲ ಪಕ್ಕದಲ್ಲೂ ಒಂದೊಂದು ನೀಲಿ ಡ್ರಮ್ಮು. ನಾಲ್ವರು ದಾಂಡಿಗರು. ಇಬ್ಬರ ಕೈಯಲ್ಲಿ ಕೊಡಲಿ, ಇನ್ನಿಬ್ಬರ ಕೈಯಲ್ಲಿ ಕಬ್ಬಿಣದ ರಾಡು.

ಟಿವಿ ಮುಟ್ಟಲಿಲ್ಲ, ಹೆಂಗಸರ ಕಿವಿಯ ಬೆಂಡೋಲೆಗೆ ಕೈ ಹಾಕಲಿಲ್ಲ. ಡ್ರಮ್ಮು ಮಾತ್ರ ಒಡೆಯುತ್ತಿದ್ದರು. ಕಳ್ಳರನ್ನು ಕಂಡಿದ್ದೇನೆ, ರೌಡಿಗಳನ್ನು ಕಂಡಿದ್ದೇನೆ. ಬಡವರ ನೀರು ಚೆಲ್ಲಲು ಸಂಬಳ ತೆಗೆದುಕೊಂಡು ಬಂದವರನ್ನು ಕಂಡದ್ದು ಅದೇ ಮೊದಲು.

ಕೊನೆಯ ರೂಮಿನ ಮುಂದೆ ಗಂಗಾ ತನ್ನ ಡ್ರಮ್ಮನ್ನು ತಬ್ಬಿಕೊಂಡು ಕೂತಿದ್ದಳು. ಐದು ದಿನದ ಹಿಂದೆ ಹಳೆಯ ಕಲ್ಲುಗುಂಡಿಯಲ್ಲಿ ಲೋಡರ್ ಮುತ್ತಣ್ಣನ ಹೆಣ ಸಿಕ್ಕಿತ್ತು. ಅವನ ಜೊತೆ ಒಂದೇ ಟಿಪ್ಪರಿನಲ್ಲಿ ದುಡಿಯುತ್ತಿದ್ದ ಸಾಯಬಣ್ಣ ಅವತ್ತಿನಿಂದ ನಾಪತ್ತೆ. ಕೊಂದವನು ಅವನೇ ಎಂದು ಪೊಲೀಸರು, ಖಂಡಿತ ಅವನಲ್ಲ ಎಂದು ಅವನ ಹೆಂಡತಿ ಈ ಗಂಗಾ. ಅವಳ ಮಾತು ನಂಬಿ ಕೇಸು ಹಿಡಿದವನು ನಾನು.

"ಏಳೇ ಅತ್ಲಾಗೆ!" ರಾಡಿನವನು ಅವಳ ಸೊಂಟಕ್ಕೆ ಒದ್ದ. ಅವಳು ಕೈ ಬಿಡಲಿಲ್ಲ. ಎರಡನೆಯ ಸಲ ಮುಖಕ್ಕೇ ಒದ್ದ. ತುಟಿ ಸೀಳಿ ಕುಪ್ಪಸದ ಮೇಲೆಲ್ಲ ರಕ್ತ.

ನನಗೆ ಐವತ್ತನಾಲ್ಕು ವರ್ಷ. ಹೊಡೆದಾಟ ನನ್ನ ಕಸುಬಲ್ಲ. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಇಪ್ಪತ್ತೇಳು ವರ್ಷ ಕೂತು, ವಿ.ಆರ್.ಎಸ್. ತೆಗೆದುಕೊಂಡು, ಹಲಸೂರಿನಲ್ಲಿ 'ಕೃಷ್ಣಸ್ವಾಮಿ, ಖಾಸಗಿ ಪತ್ತೇದಾರರು' ಎಂದು ಬೋರ್ಡು ಹಾಕಿಕೊಂಡವನು. ಆದರೂ ಆ ಕ್ಷಣ ಕಣ್ಣು ಕತ್ತಲಿಟ್ಟಂತಾಯಿತು. ನುಗ್ಗಿ ಅವನ ಕಾಲರ್ ಹಿಡಿದೆ. ಪಕ್ಕದವನ ರಾಡು ನನ್ನ ಎಡ ಭುಜಕ್ಕೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಕೂಗಲೂ ಉಸಿರಿಲ್ಲದೆ ನೀರಿನಲ್ಲಿ ಕುಸಿದೆ.

ಅವನು ಎರಡನೆಯ ಏಟಿಗೆ ಕೈಯೆತ್ತಿದ. ಅಷ್ಟರಲ್ಲಿ ಜಹನಾರಾ ತಲೆಯಿಂದ ಹೆಲ್ಮೆಟ್ ಕಿತ್ತು ಅವನ ಬಾಯಿಗೆ ಬಾರಿಸಿದಳು. ಶಿವಾಜಿನಗರದ ಹುಡುಗಿ, ಕೇಸಿದ್ದ ದಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆ, ಮಿಕ್ಕ ದಿನ ನನ್ನ ಸಹಾಯಕಿ. ಎರಡು ಹಲ್ಲು ಅಂಗಳಕ್ಕೆ ಬಿದ್ದವು.

"ಔರ್ ಚಾಹಿಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೊಂದು ಕೊಟ್ಟಳು.

ಅದನ್ನು ನೋಡಿ ವಠಾರದ ಹೆಂಗಸರಿಗೂ ಧೈರ್ಯ ಬಂತು. ಯಾರೋ ಖಾರದ ಪುಡಿಯ ಡಬ್ಬಿಯನ್ನೇ ಬೀಸಿದರು. ಗಂಗಾ ರುಬ್ಬುವ ಗುಂಡುಕಲ್ಲು ಎತ್ತಿ ಕೊಡಲಿಯವನ ಪಾದದ ಮೇಲೆ ಹಾಕಿದಳು. ಅವನು ಕೂಗಿದ ಕೂಗು ರೈಲ್ವೆ ಪ್ಲಾಟ್‌ಫಾರಮ್ಮಿನವರೆಗೂ ಕೇಳಿರಬೇಕು.

ನಾಲ್ವರೂ ಒಬ್ಬರನ್ನೊಬ್ಬರು ಎಳೆದುಕೊಂಡು ವ್ಯಾನು ಹತ್ತಿದರು. ಕೊಡಲಿಯವನು ಕಿಟಕಿಯಿಂದ ತಲೆ ಹಾಕಿ, "ಸಾಯಂಕಾಲದೊಳಗೆ ಆ ಡ್ರಮ್ಮು ಒಡೆದಿರ್ಬೇಕು. ಇಲ್ಲಾಂದ್ರೆ ಈ ಸಲ ಕೊಡ್ಲಿ ಡ್ರಮ್ಮಿನ ಮೇಲೆ ಬೀಳಲ್ಲ" ಎಂದ.

ಹನ್ನೊಂದು ಡ್ರಮ್ಮು ಚೂರಾಗಿದ್ದವು. ಉಳಿದದ್ದು ಒಂದೇ.

"ಬಗ್ಗಿಸು ಜಹನಾರಾ. ತಳ ನೋಡ್ಬೇಕು," ಎಂದೆ. ಎಡಗೈ ಎತ್ತಲು ಆಗುತ್ತಿರಲಿಲ್ಲ.

ನೀರು ಚೆಲ್ಲಿ ಡ್ರಮ್ಮನ್ನು ಮಗುಚಿದೆವು. ಮೈಯೆಲ್ಲ ಬೂದಿ ಹಾಕಿ ತಿಕ್ಕಿ ತಿಕ್ಕಿ ಮಿರುಗುತ್ತಿತ್ತು. ಗಂಗಾ ಅರಿಶಿನ ಕುಂಕುಮ ಬೇರೆ ಹಚ್ಚಿದ್ದಳು. ತಳವನ್ನು ಮಾತ್ರ ಯಾರೂ ತಿಕ್ಕಿರಲಿಲ್ಲ. ಅಲ್ಲಿ ಕಾದ ಕಡ್ಡಿಯಿಂದ ಪ್ಲಾಸ್ಟಿಕ್ ಸುಟ್ಟು ಬರೆದಿತ್ತು: ಕೆ.ಪಿ. 41.

ನಗು ಬಂತು, ನೋವಿನಲ್ಲೂ. ಸಣ್ಣ ಕಾರ್ಖಾನೆಗಳವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ಪಕ್ಕದ ಶೆಡ್ಡಿನವನು ಖಾಲಿ ಡ್ರಮ್ಮು ಎತ್ತಿಕೊಂಡು ಹೋಗಿಬಿಡುತ್ತಾನೆಂಬ ಭಯಕ್ಕೆ ತಳದಲ್ಲಿ ಹೀಗೆ ಗುರುತು ಸುಡುತ್ತಾರೆ. ಬಣ್ಣದಲ್ಲಿ ಬರೆದರೆ ಅಳಿಸಬಹುದು, ಇದನ್ನು ಅಳಿಸಲಾಗದು. ಮಹದೇವಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆ.ಪಿ. ಅಂದರೆ ಒಂದೇ: ಕಾಂತಿ ಪ್ಲೇಟರ್ಸ್. ನಲ್ಲಿಗೆ, ಸ್ಕೂಟರ್ ಬಂಪರಿಗೆ ಕ್ರೋಮಿನ ಹೊಳಪು ಕೊಡುವ ಕಾರ್ಖಾನೆ. ಡ್ರಮ್ಮಿನ ಒಳಗೆ ಬೆರಳು ತೂರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಕರೆ ಇನ್ನೂ ಇತ್ತು.

"ಇದು ಎಲ್ಲಿಂದ ಬಂತು ಗಂಗಾ?"

ಅವಳು ರಕ್ತ ಉಗಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಮ್ಮನಿಯವರು ತಂದಾರ್ರಿ. ಅವರೂ ಮುತ್ತಣ್ಣನೂ. ಡ್ರಮ್ ಸಮೇತ ಗುಂಡ್ಯಾಗ ಹೂಳ್ರಿ ಅಂತ ಹೇಳಿದ್ರಂತ. ಇಂಥಾ ಚಲೋ ಡ್ರಮ್ ಯಾರರ ಹೂಳ್ತಾರೇನ್ರೀ ಸಾಹೇಬ್ರ? ಒಳಗಿನ ರಾಡಿ ಗುಂಡಿಗಿ ಸುರುವಿ ಡ್ರಮ್ ಮನಿಗಿ ತಂದ್ರು. ವಠಾರದಾಗ ಮನಿಗೊಂದ್ರಂಗ ಕೊಟ್ರು. ನಾವು ಬೂದಿ ಹಚ್ಚಿ, ಹುಣಸಿಹಣ್ಣು ಹಚ್ಚಿ ತಿಕ್ಕೀವ್ರಿ."

"ಕುಡಿಯೋಕೂ ಇದೇ ನೀರಾ?"

"ಮತ್ತೆಲ್ಲಿಂದ ತರೂಣ್ರಿ?"

ಪಕ್ಕದ ರೂಮಿನ ಆಂಜನಮ್ಮ ಮುಂದೆ ಬಂದು ಎರಡೂ ಅಂಗೈ ಚಾಚಿದಳು. ಬೆರಳ ಗೆಣ್ಣುಗಳಲ್ಲಿ ದುಂಡನೆಯ ಹುಣ್ಣು, ಒಳಗೆ ಬಿಳಿ ಮಾಂಸ ಕಾಣುವಷ್ಟು ಆಳ. ಡ್ರಮ್ಮು ತಿಕ್ಕಿದ ವಾರಕ್ಕೇ ಶುರುವಾಯಿತಂತೆ. ಅದನ್ನು ನೋಡಿ ತಡೆಯಲಾರದೆ ಮುತ್ತಣ್ಣ ಕಳೆದ ಗುರುವಾರ ಕಾರ್ಖಾನೆಗೆ ಹೋಗಿದ್ದ.

"ಜಗಳಕ್ಕ ಹೋಗಿದ್ದಿಲ್ರಿ," ಎಂದಳು ಗಂಗಾ. "ಅದರಾಗ ಏನಿತ್ತು, ಯಾವ ಔಷಧ ಹಚ್ಚಬೇಕು, ಅಷ್ಟ ಕೇಳಿಕೊಂಡು ಬರ್ತೀನಿ ಅಂದಿದ್ದ."

ಶುಕ್ರವಾರ ಅವನ ಹೆಣ ಸಿಕ್ಕಿತು. ಒಂದು ಮುಲಾಮಿನ ಹೆಸರು ಕೇಳಲು ಹೋದವನನ್ನು ಕೊಂದವರ ಮೇಲೆ ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ಹೂಳಿ ಎಂದು ಹೇಳಿದ ದೊಡ್ಡಮನುಷ್ಯರು ಬಕೆಟ್ಟು ಹಿಡಿದು ಟ್ಯಾಂಕರಿನ ಹಿಂದೆ ಒಂದು ದಿನವೂ ಓಡಿದವರಲ್ಲ. ಓಡಿದ್ದರೆ, ಗಟ್ಟಿ ಡ್ರಮ್ಮನ್ನು ಮಣ್ಣಿಗೆ ಹಾಕುವ ಕೂಲಿಯವನು ಈ ಊರಿನಲ್ಲಿ ಹುಟ್ಟಿಲ್ಲ ಎಂದು ಅವರಿಗೆ ತಿಳಿದಿರುತ್ತಿತ್ತು.

"ಸಾಯಬಣ್ಣ ಎಲ್ಲಿದ್ದಾನೆ? ಪೊಲೀಸರ ಕೈಗೆ ಸಿಗೋದಕ್ಕೆ ಮುಂಚೆ ನನ್ನ ಕೈಗೆ ಸಿಕ್ಕರೆ ಒಳ್ಳೇದು."

"ಗೊತ್ತಿಲ್ರಿ," ಎಂದಳು ನೆಲ ನೋಡುತ್ತ. ಸುಳ್ಳು ಎಂದು ನನಗೆ ತಿಳಿಯಿತು. ಒಡೆದ ತುಟಿಯ ಹೆಂಗಸನ್ನು ಒತ್ತಾಯ ಮಾಡಲು ಮನಸ್ಸು ಬರದೆ ಸುಮ್ಮನಾದೆ. ಆಮೇಲೆ ಆದದ್ದರಲ್ಲೆಲ್ಲ ನನ್ನ ಪಾಲು ಶುರುವಾದದ್ದು ಅಲ್ಲಿಂದ.

ಡ್ರಮ್ಮನ್ನು ಆಂಜನಮ್ಮನ ರೂಮಿನೊಳಗಿಟ್ಟು ಬೀಗ ಹಾಕಿಸಿದೆ. ಡ್ರಮ್ಮುಗಳಿಂದ ಬಿಂದಿಗೆಗೆ ತುಂಬಿಟ್ಟ ನೀರು ಯಾರೂ ಮುಟ್ಟಬೇಡಿ ಎಂದು ಹೇಳಿ, ಸೆರಗಿನ ತುಂಡಿನಲ್ಲಿ ಕೈಯನ್ನು ಕುತ್ತಿಗೆಗೆ ಕಟ್ಟಿಸಿಕೊಂಡೆ. ಗಂಗಾ ತಾನೂ ಬರುತ್ತೇನೆಂದು ಹಟ ಹಿಡಿದಳು. ಆಟೋ ಹಿಡಿದು ಮೂವರೂ ತೂಗುಸೇತುವೆ ದಾಟಿ ಮಹದೇವಪುರಕ್ಕೆ ಹೊರಟೆವು.

ಕಾಂತಿ ಪ್ಲೇಟರ್ಸ್‌ನ ಒಳಗೆ ಹೆಜ್ಜೆ ಇಟ್ಟರೆ ಗಂಟಲು ಉರಿ. ಎರಡು ಸಾಲು ತೊಟ್ಟಿಗಳಲ್ಲಿ ಕಿತ್ತಳೆ ದ್ರಾವಣ ಗುಳುಗುಳು ಎನ್ನುತ್ತಿತ್ತು. ಕಬ್ಬಿಣದ ಉದ್ದನೆಯ ಕೊಕ್ಕೆಗಳಲ್ಲಿ ನಲ್ಲಿಗಳನ್ನು ಮುಳುಗಿಸಿ ಎತ್ತುತ್ತಿದ್ದರು, ಕೆಲವರು ಬರಿಗೈಯಲ್ಲಿ.

ಮೂಲೆಯ ಗಾಜಿನ ಕ್ಯಾಬಿನ್ನಿನಲ್ಲಿ ಇಬ್ಬರಿದ್ದರು. ಮೇಜಿನ ಹಿಂದೆ ಮಾಲೀಕ ಸುದರ್ಶನ್, ನಲವತ್ತರ ಒಳಗಿನವನು, ಇಸ್ತ್ರಿ ಮುರಿಯದ ಬಿಳಿ ಶರ್ಟು. ಎದುರಿಗೆ ಬಿಳಿ ಪಂಚೆಯ ಮುನಿರಾಜಪ್ಪ. ಮುತ್ತಣ್ಣ, ಸಾಯಬಣ್ಣ ದುಡಿಯುತ್ತಿದ್ದ ಟಿಪ್ಪರು ಇವನದೇ. ಹೆಣ ಸಿಕ್ಕಿದ ಕಲ್ಲುಗುಂಡಿಯೂ ಇವನದೇ. ಕೈಯಲ್ಲಿ ಅಂಥದೇ ಒಂದು ಕೊಕ್ಕೆ ಹಿಡಿದು ತಿರುಗಿಸುತ್ತಿದ್ದ. ಇಬ್ಬರೂ ಜೊತೆಯಾಗಿ ಸಿಕ್ಕಿದ್ದು ನನ್ನ ಅದೃಷ್ಟ ಎಂದುಕೊಂಡೆ.

"ಕೆ.ಪಿ. ನಲವತ್ತೊಂದು," ಎಂದೆ, ಕೂರಲು ಹೇಳುವ ಮೊದಲೇ ಕೂತು. "ನಿಮ್ಮ ಡ್ರಮ್ಮು. ಹನ್ನೊಂದು ಒಡೆಸಿದ್ರಿ. ಇದೊಂದು ಉಳ್ಕೊಂಡಿದೆ."

ಸುದರ್ಶನ್ ಮುಖ ಕದಲಲಿಲ್ಲ. "ಇರ್ಬಹುದು ಸಾರ್. ಆದ್ರೆ ನಮ್ ಗೇಟ್ ದಾಟಿದ್ಮೇಲೆ ಅದು ನಮ್ದಲ್ಲ. ಟ್ರಾನ್ಸ್‌ಪೋರ್ಟ್ ಕಾಂಟ್ರ್ಯಾಕ್ಟ್ ಕೊಟ್ಟಿದ್ದೀನಿ. ಮಿಕ್ಕಿದ್ದು ಇವ್ರ ತಲೆನೋವು."

"ನಂದ್ಯಾಕಾಗುತ್ತೆ?" ಮುನಿರಾಜಪ್ಪನ ದನಿ ಬಹಳ ಮೆತ್ತಗೆ. "ನಾನು ಗಾಡಿ ಕೊಟ್ಟೋನು ಸ್ವಾಮಿ. ಒಳಗೆ ಏನು ತುಂಬಿದ್ರೋ, ಎಲ್ಲಿ ಸುರಿದ್ರೋ, ನಾನೇನು ಹಿಂದೆ ಹೋಗಿ ನೋಡಿದ್ನಾ? ಹೊತ್ತೋನು ಸಾಯಬಣ್ಣ, ಸುರಿದೋನು ಸಾಯಬಣ್ಣ. ಆ ಮುತ್ತಣ್ಣನ್ನ ಕೊಂದೋನೂ ಅವನೇ ಅಂತ ಪೊಲೀಸ್ನೋರೇ ಹೇಳ್ತಾವ್ರೆ."

"ಸುರಿದ ಗುಂಡಿ?"

"ನಮ್ಮಪ್ಪನ ಕಾಲದ್ದು. ಬೇಲಿ ಇಲ್ಲ. ಊರೋರೆಲ್ಲ ಬಂದು ಸುರೀತಾರೆ."

ಕಸ ಹುಟ್ಟಿಸಿದವನದಲ್ಲ, ಸಾಗಿಸಿದವನದಲ್ಲ, ಜಾಗದವನದೂ ಅಲ್ಲ. ಕೊನೆಗೆ ಉಳಿದವನು ದಿನಗೂಲಿಯ ಸಾಯಬಣ್ಣ. ಬಾಗಿಲ ಬಳಿ ನಿಂತಿದ್ದ ಗಂಗಾ ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತಿದ್ದಳು.

ಜಹನಾರಾ ಹಲ್ಲು ಕಚ್ಚಿಕೊಂಡೇ ಶುರುಮಾಡಿದಳು. "ಕಾನೂನು ನಾನು ಹೇಳ್ತೀನಿ, ಕೇಳಿ ಸಾರ್. ಇಂಥ ವಿಷದ ಕಸ ಗೇಟ್ ದಾಟ್ಬೇಕಾದ್ರೆ ಜೊತೇಲಿ ಒಂದು ಚೀಟಿ ಹೋಗ್ಬೇಕು. ಆರು ಪ್ರತಿ, ಆರು ಬಣ್ಣ. ಒಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಒಂದು ನಿಮ್ಹತ್ರ, ಮಿಕ್ಕಿದ್ದು ಗಾಡಿ ಜೊತೆ. ಕಸ ಪರವಾನಗಿ ಇರೋ ಜಾಗಕ್ಕೇ ಸೇರ್ತು ಅಂತ ಅಲ್ಲಿಂದ ಸಹಿ ಆಗಿ ಒಂದು ನಿಮ್ಗೆ ವಾಪಸ್ ಬರ್ಬೇಕು. ಗೇಟ್ ದಾಟಿಸ್ಬಿಟ್ರೆ ಜವಾಬ್ದಾರಿ ಮುಗಿಯಲ್ಲ. ತೋರ್ಸಿ, ಎಲ್ಲಿದೆ ಆ ಚೀಟಿ?"

ಸುದರ್ಶನ್ ಕಪಾಟಿನ ಕಡೆ ನೋಡಿದ.

"ಪರವಾನಗಿ ಇಲ್ದೆ ಹೊತ್ತ ಗಾಡಿಯವ್ರೂ ಸಿಗಾಕ್ಕೊಳ್ತಾರೆ," ಎಂದು ಅವಳು ಮುನಿರಾಜಪ್ಪನ ಕಡೆ ತಿರುಗಿದಳು. "ಸುರಿಯೋಕೆ ಜಾಗ ಕೊಟ್ಟವ್ರೂ. ಐದು ವರ್ಷದವರೆಗೆ ಜೈಲು. ಅದು ಬರೀ ಕಸದ್ದು. ಕೊಲೆಯದ್ದು ಬೇರೆ."

ಸುದರ್ಶನ್ ನಕ್ಕು ಕಪಾಟಿನಿಂದ ಒಂದು ಫೈಲು ತೆಗೆದ. "ಚೀಟಿ ಇದೆ ಮೇಡಂ. ನೋಡಿ." ಬಿಳಿ ಹಾಳೆಯ ಮೇಲೆ ಟೈಪು ಮಾಡಿದ ನಾಲ್ಕು ಸಾಲು: 'ಸದರಿ ಡ್ರಮ್ಮುಗಳನ್ನು ಸ್ವಂತ ಇಚ್ಛೆಯಿಂದ ಒಯ್ದಿರುತ್ತೇನೆ. ಮುಂದಿನ ಎಲ್ಲ ಜವಾಬ್ದಾರಿ ನನ್ನದೇ. ಸಾಯಬಣ್ಣ.' ಎರಡು ತಿಂಗಳ ಹಿಂದಿನ ತಾರೀಕು. ಕೆಳಗೆ ನೇರಳೆ ಮಸಿಯ ಹೆಬ್ಬೆಟ್ಟು.

"ಗಂಗಾ, ನಿನ್ನ ಗಂಡ ಸಹಿ ಮಾಡ್ತಾನಾ?"

"ಏಳನೇತ್ತ ತನಕ ಓದ್ಯಾರ್ರಿ. ಹೆಬ್ಬೆಟ್ಟು ಒತ್ತು ಅಂದ್ರ ಸಿಟ್ಟಿಗೇಳ್ತಾರ."

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆಟ್ಟಿನ ಗೆರೆಗಳ ನಡುವೆ ಅರ್ಧಚಂದ್ರದ ಆಕಾರದ ಖಾಲಿ ಜಾಗ. ಒತ್ತಿದ ಬೆರಳಿಗೆ ಅಲ್ಲಿ ಚರ್ಮವೇ ಇರಲಿಲ್ಲ.

ಶನಿವಾರ ಶವಾಗಾರದಲ್ಲಿ ಮುತ್ತಣ್ಣನ ಹೆಣ ನೋಡಿದ್ದೆ. ತಲೆಯ ಹಿಂಭಾಗ ಒಡೆದಿತ್ತು. ಎರಡೂ ಕೈ ಮೊಣಕೈಯವರೆಗೆ ಸುಟ್ಟಿದ್ದವು. ಬಲ ಹೆಬ್ಬೆರಳಿನಲ್ಲಿ ಚರ್ಮ ಇದೇ ಆಕಾರಕ್ಕೆ ಸುಲಿದಿತ್ತು, ಸುಲಿದ ಮಾಂಸದ ಅಂಚಿಗೆ ನೇರಳೆ ಮಸಿ ಅಂಟಿತ್ತು. ಮಸಿ ಯಾಕೆ ಎಂದು ಅವತ್ತು ನನಗೆ ಹೊಳೆದಿರಲಿಲ್ಲ.

"ಇದು ಸಾಯಬಣ್ಣನ ಹೆಬ್ಬೆಟ್ಟಲ್ಲ," ಎಂದೆ. "ಮುತ್ತಣ್ಣಂದು. ಮೊದಲು ಕೈ ಸುಟ್ಟಿದೆ, ಆಮೇಲೆ ಮಸಿ ಬಿದ್ದಿದೆ. ಕೈ ಹಿಂತೆಗೆಯೋಕೂ ಆಗದವನ ಬೆರಳು ಹಿಡಿದು ಒತ್ತಿಸಿದ್ದಾರೆ. ಎರಡು ತಿಂಗಳ ಹಿಂದಿಂದಲ್ಲ ಸುದರ್ಶನ್. ಕಳೆದ ಗುರುವಾರದ್ದು. ಈ ಹಾಳೆ ನಿಮ್ಮ ಫೈಲಲ್ಲಿದೆ."

ಸುದರ್ಶನ್ ಎದ್ದು ನಿಂತ. ಬಿಳಿ ಶರ್ಟಿನ ಕಂಕುಳು ಒದ್ದೆಯಾಗಿತ್ತು. ಅವನು ನೋಡಿದ್ದು ಮುನಿರಾಜಪ್ಪನನ್ನು. "ಸಾಯಬಣ್ಣನ್ನ ಹಿಡಿದು ಒತ್ತಿಸ್ದೆ ಅಂದ್ರಲ್ಲ! ನೀವೇ ತಂದ್ಕೊಟ್ರಲ್ಲ ಇದನ್ನ!"

"ಬಾಯ್ಮುಚ್ಚು," ಎಂದ ಮುನಿರಾಜಪ್ಪ.

"ನಾನ್ಯಾಕೆ ಮುಚ್ಲಿ? ನೀವು..."

ಕೊಕ್ಕೆ ಬೀಸಿದ್ದು ನನಗೆ ಕಾಣಿಸಲೇ ಇಲ್ಲ. ಸುದರ್ಶನ್‌ನ ಕೆನ್ನೆ ಕಿವಿಯಿಂದ ಬಾಯಿಯವರೆಗೆ ತೆರೆದುಕೊಂಡಿತು. ಅವನು ಗಾಜಿನ ಗೋಡೆಗೆ ಬಿದ್ದ; ಗೋಡೆ ಒಡೆದು ಅವನ ಸಮೇತ ತೊಟ್ಟಿಗಳ ಕಡೆ ಉರುಳಿತು. ಕೆಲಸದವರು ಕೊಕ್ಕೆಗಳನ್ನು ಎಸೆದು ಓಡಿದರು.

ಜಹನಾರಾ ಅವನ ಬಳಿ ಮಂಡಿಯೂರಿ ದುಪಟ್ಟಾದಿಂದ ಕೆನ್ನೆ ಒತ್ತಿ ಹಿಡಿದಳು. ರಕ್ತದ ನಡುವೆ ಅವನು ಬಡಬಡಿಸಿದ. "ಮುತ್ತಣ್ಣನ್ನ ನಾನು ತಳ್ಳಿದ್ದು ಹೌದು... ಬೈದ, ತಳ್ಳಿದೆ, ತೊಟ್ಟಿಗೆ ಬಿದ್ದ. ಆದ್ರೆ ಎದ್ದ ಸಾರ್. ಉಸಿರಾಡ್ತಿದ್ದ. ಆಸ್ಪತ್ರೆಗೆ ಹಾಕಿ ಅಂತ ಇವ್ರ ಗಾಡಿಗೆ ಹಾಕಿಸ್ದೆ. ಗೇಟ್ ದಾಟೋವಾಗ ಬದುಕಿದ್ದ. ಆಮೇಲಿಂದು ನಂಗೊತ್ತಿಲ್ಲ. ಗೇಟ್ ದಾಟೋವಾಗ ಬದುಕಿದ್ದ."

ಸಾಯುತ್ತಿದ್ದ ಮನುಷ್ಯನನ್ನೂ ಇವನು ಡ್ರಮ್ಮಿನಂತೆಯೇ ಗೇಟು ದಾಟಿಸಿದ್ದ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ.

ಮುನಿರಾಜಪ್ಪ ನನ್ನ ಕಡೆ ಬರುತ್ತಿದ್ದ. ಕೊಕ್ಕೆಯ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಹಾಳೆ ಕೊಡಿ ಸ್ವಾಮಿ. ವಯಸ್ಸಾದೋರು, ಸುಮ್ನೆ ಯಾಕೆ."

ಒಂದು ಕೈ ಮುರಿದವನಿಗೆ ಉಳಿದಿರುವುದು ನಾಲಿಗೆ. ನಾನು ಸುಳ್ಳು ಹೇಳಿದೆ. "ನನ್ನ ಕೊಂದ್ರೂ ಪ್ರಯೋಜನ ಇಲ್ಲ ಮುನಿರಾಜಪ್ಪ. ಆರ್ಡರ್ ಆಗಿದೆ. ನಾಳೆ ಬೆಳಗ್ಗೆ ಮಂಡಳಿಯವರು ಬಂದು ನಿಮ್ಮ ಗುಂಡಿ ಅಗೀತಾರೆ. ರಾಡಿ ಸಿಗುತ್ತೆ, ಮುತ್ತಣ್ಣನ ತಲೆಗೆ ಹೊಡೆದದ್ದೂ ಸಿಗುತ್ತೆ."

ಯಾವ ಆರ್ಡರೂ ಆಗಿರಲಿಲ್ಲ. ಆದರೆ ಅವನು ನಿಂತ. ನನ್ನನ್ನು ದುರುಗುಟ್ಟಿ ನೋಡಿ, ಕೊಕ್ಕೆ ಎಸೆದು ಹೊರಟ. ಹೊರಗೆ ಕಾರಿನ ಬಳಿ ನಿಂತು ಮೊಬೈಲಿನಲ್ಲಿ ಕೂಗಿದ್ದು ಒಡೆದ ಗೋಡೆಯಿಂದ ಸ್ಪಷ್ಟವಾಗಿ ಕೇಳಿಸಿತು. "ಲೇ, ಇರೋ ಟಿಪ್ಪರೆಲ್ಲ ಗುಂಡಿಗೆ ತಿರುಗಿಸ್ರೋ. ಜೆಸಿಬಿ ಇಳ್ಸಿ. ಒಂದು ಗಂಟೇಲಿ ನೆಲ ಸಮ ಆಗಿರ್ಬೇಕು. ಮದ್ದಿನ ರೂಮು ಗೀಮು ಎಲ್ಲಾ ಮುಚ್ಚಾಕಿ."

ನನಗೆ ನನ್ನ ಮೇಲೆಯೇ ಹೆಮ್ಮೆಯಾಯಿತು. ಸಾಕ್ಷ್ಯ ಮುಚ್ಚುವಾಗಲೇ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ, ಇನ್ನೇನು ಬೇಕು? ಅಲ್ಲಿಂದಲೇ ಇನ್ಸ್‌ಪೆಕ್ಟರ್ ಅಂಜನಮೂರ್ತಿಗೆ ಫೋನು ಮಾಡಿ, ಜೀಪು ತೆಗೆದುಕೊಂಡು ನೇರ ಗುಂಡಿಗೆ ಬನ್ನಿ ಎಂದೆ.

ಫೋನು ಇಟ್ಟು ತಿರುಗಿದರೆ ಗಂಗಾ. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಅಂಗಿಯ ಎದೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಏನ್ ಮಾಡಿದ್ರೀ ಸಾಹೇಬ್ರ! ನಮ್ಮನಿಯವರು ಅಲ್ಲೇ ಅದಾರ್ರಿ. ಆ ಮದ್ದಿನ ಮನ್ಯಾಗ. ಪೊಲೀಸ್ರು ಒಮ್ಮೆ ಹುಡುಕಿ ಹೋದ ಜಾಗ, ಮತ್ತ ಬರಂಗಿಲ್ಲ ಅಂತ ನಾನ ಅಲ್ಲಿ ಇಟ್ಟೀನ್ರಿ. ಹೊರಗಿಂದ ಕೀಲಿ ಹಾಕೀನ್ರಿ!"

ಸುದರ್ಶನ್‌ನನ್ನು ಆಸ್ಪತ್ರೆಗೆ ಸಾಗಿಸಲು ವಾಪಸು ಬಂದ ಕೆಲಸದವರಿಗೆ ಹೇಳಿ, ಆಟೋದವನಿಗೆ ಕಿರುಚುತ್ತ ಹೊರಟೆವು. ಹಳೇ ಮದ್ರಾಸ್ ರಸ್ತೆಯ ಸಂತೆಯ ಜನ, ಬಸ್ಸು, ತರಕಾರಿ ಗಾಡಿ. ಒಂದೊಂದು ಸಿಗ್ನಲ್ಲಿಗೂ ಗಂಗಾ ಕಬ್ಬಿಣದ ಸರಳಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಾನು ದೇವರನ್ನು ನೆನೆಯುವವನಲ್ಲ. ಅವತ್ತು ನೆನೆದೆ.

ಗುಂಡಿಯ ಅಂಚಿಗೆ ಬಂದಾಗ ಮಧ್ಯಾಹ್ನದ ಒಂದೂವರೆ. ಹಿಂದೆ ಕಲ್ಲು ಸಿಡಿಸುವ ಮದ್ದು, ಹಾರೆ ಇಡುತ್ತಿದ್ದ ಆ ಕೋಣೆ ಗುಂಡಿಯ ಅರ್ಧ ಇಳಿಜಾರಿನಲ್ಲಿತ್ತು. ತಗಡಿನ ಮಾಡು, ಕಬ್ಬಿಣದ ಬಾಗಿಲು. ಬಾಗಿಲು ಆಗಲೇ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಮೇಲಿನಿಂದ ಇನ್ನೊಂದು ಟಿಪ್ಪರು ಸುರಿಯುತ್ತಿತ್ತು. ಅಂಚಿನಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ಮುನಿರಾಜಪ್ಪ ಕೈ ಬೀಸಿ ಡ್ರೈವರಿಗೆ ದಾರಿ ತೋರಿಸುತ್ತಿದ್ದ.

"ನಿಲ್ಸಿ! ಒಳಗೆ ಮನುಷ್ಯ ಇದ್ದಾನೆ!" ಜಹನಾರಾ ಜೆಸಿಬಿಯ ಮುಂದೆ ಹೋಗಿ ನಿಂತಳು. ಡ್ರೈವರು ಗಾಬರಿಯಾಗಿ ಇಂಜಿನ್ ಆಫ್ ಮಾಡಿದ.

ಆ ಮೌನದಲ್ಲಿ ಕೇಳಿಸಿತು. ತಗಡಿನ ಮಾಡಿಗೆ ಒಳಗಿನಿಂದ ಏಟು. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ತಗಡು ಮೇಲೆದ್ದು ಹರಿಯಿತು. ಮೊದಲು ಒಂದು ಹಾರೆ ಹೊರಬಂತು. ಆಮೇಲೆ ಮಣ್ಣು ಮೆತ್ತಿದ ತಲೆ, ಭುಜ. ತಗಡಿನ ಅಂಚು ಎದೆ ಸೀಳಿದರೂ ಲೆಕ್ಕಿಸದೆ ಸಾಯಬಣ್ಣ ಮೇಲಕ್ಕೆ ಬಂದ.

"ಬದುಕ್ಯಾರ್ರಿ! ಬದುಕ್ಯಾರ!" ಗಂಗಾ ನನ್ನ ಮುರಿದ ಭುಜವನ್ನೇ ಹಿಡಿದು ಅಲ್ಲಾಡಿಸಿದಳು. ನೋವಿಗೋ ಸಂತೋಷಕ್ಕೋ ನನ್ನ ಕಣ್ಣಲ್ಲಿ ನೀರು ಬಂತು.

ಸಾಯಬಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಇಳಿಜಾರನ್ನು ನಾಲ್ಕೇ ಹೆಜ್ಜೆಯಲ್ಲಿ ಹತ್ತಿದ. ಮುನಿರಾಜಪ್ಪ ಅವನನ್ನು ನೋಡಿದ, ಅವನ ಕೈಯ ಹಾರೆ ನೋಡಿದ, ತಿರುಗಿ ಕಾರಿನ ಕಡೆ ಓಡತೊಡಗಿದ. ಪಂಚೆ ಕಾಲಿಗೆ ತೊಡರಿತು.

"ಸಾಯಬಣ್ಣಾ, ಬೇಡ!" ಎಂದೆ. "ನೀನು ಕೊಂದಿಲ್ಲ ಅಂತ ಸಾಬೀತಾಗಿದೆ! ಬಿಡೋ ಅವನನ್ನ!"

ಹಾರೆ ಬಿತ್ತು. ತಲೆಯ ಹಿಂಭಾಗಕ್ಕೆ. ಮುನಿರಾಜಪ್ಪ ಕೂಗದೆ ಮುಂದಕ್ಕೆ ಬಿದ್ದ. ಸಾಯಬಣ್ಣ ಇನ್ನೊಮ್ಮೆ ಎತ್ತಿದ, ಇನ್ನೊಮ್ಮೆ ಹೊಡೆದ. ಆಮೇಲೆ ಅಲ್ಲೇ ಕುಸಿದು ಕೂತ.

"ಮುತ್ತಣ್ಣನ್ನ ಹಿಂಗ ಹೊಡದಾನ್ರಿ ಇಂವ," ಎಂದ, ಯಾರಿಗೋ ಹೇಳುವಂತೆ. "ಉಸಿರಿತ್ರಿ ಅವಗ. ನೀರು ಕೇಳಿದ. ನನ್ನ ಕಣ್ಣ ಮುಂದ ಹೊಡದಾ. ನಾ ಹೆದರಿ ಓಡಿಬಂದೆ."

ಕೊಲೆಯನ್ನು ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ. ಬಾಯಿ ಬಿಟ್ಟಿದ್ದರೆ ಸಾಕಿತ್ತು, ಮುನಿರಾಜಪ್ಪ ಜನ್ಮವಿಡೀ ಹೊರಗೆ ಬರುತ್ತಿರಲಿಲ್ಲ. ಸಾಯಬಣ್ಣ ಮನೆಗೆ ಹೋಗುತ್ತಿದ್ದ.

ಜಹನಾರಾ ಬಗ್ಗಿ ಮುನಿರಾಜಪ್ಪನ ಮೂಗಿನ ಬಳಿ ಕೈ ಹಿಡಿದಳು. "ಇನ್ನೂ ಇದೆ ಸಾರ್... ತುಂಬಾ ಕಮ್ಮಿ." ಆಮೇಲೆ ತಗ್ಗಿದ ದನಿಯಲ್ಲಿ, "ಅವನು ಓಡ್ತಿದ್ದ ಸಾರ್. ಬೆನ್ನು ತೋರ್ಸಿದ್ದ," ಎಂದಳು. ಜೀವ ಉಳಿಸಿಕೊಳ್ಳಲು ಹೊಡೆದ ಎನ್ನಲು ಇನ್ನು ಬರುವುದಿಲ್ಲ ಎಂದು ವಕೀಲೆಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಟಿಪ್ಪರಿನವರೂ ಜೆಸಿಬಿಯವನೂ ಇಳಿದು ಹೊಲದ ಕಡೆ ಓಡಿಹೋಗಿದ್ದರು. ರಸ್ತೆಯಿಂದ ಧೂಳೆಬ್ಬಿಸುತ್ತ ಪೊಲೀಸ್ ಜೀಪು ಬಂತು. ಕರೆಸಿದವನು ನಾನೇ.

ಅಂಜನಮೂರ್ತಿ ಇಳಿದು ಬಿದ್ದವನನ್ನು ನೋಡಿದ, ನಮ್ಮೆಲ್ಲರನ್ನೂ ನೋಡಿದ. "ಯಾರ್ರೀ ಹೊಡೆದಿದ್ದು?"

ಸಾಯಬಣ್ಣ ಬಾಯಿ ತೆರೆದ. ಅವನಿಗಿಂತ ಮೊದಲು ಗಂಗಾ ಬಗ್ಗಿ ಅವನ ಮಡಿಲಿನಿಂದ ಹಾರೆ ಎತ್ತಿಕೊಂಡಳು. ರಕ್ತ ಮೆತ್ತಿದ ತುದಿಯನ್ನು ಎರಡೂ ಕೈಯಿಂದ ಹಿಡಿದಳು.

"ನಾ ಹೊಡದೀನ್ರಿ," ಎಂದಳು. "ಅವರು ಈಗ ಮಣ್ಣಾಗಿಂದ ಹೊರಗ ಬಂದ್ರು. ಅವರಿಗಿ ಏನೂ ಗೊತ್ತಿಲ್ಲ. ಜವಾಬ್ದಾರಿ ಎಲ್ಲ ನಂದೇ ಅಂತ ಬರಕೋರಿ. ನಾ ಸಹಿ ಮಾಡ್ತೀನಿ."

ಬೆಳಗಿನಿಂದ ಆ ಮಾತನ್ನು ಹೇಳಿದ ಮೊದಲ ವ್ಯಕ್ತಿ ಅವಳು.

"ಯೋಚ್ನೆ ಮಾಡಿ ಮಾತಾಡಿ ಸಾರ್," ಎಂದು ಜಹನಾರಾ ಪಕ್ಕದಲ್ಲಿ ಪಿಸುಗುಟ್ಟಿದಳು. "ಈಗ ಹೇಳಿದ್ದನ್ನ ಆಮೇಲೆ ವಾಪಸ್ ತಗೊಳ್ಳಕ್ಕಾಗಲ್ಲ."

ಅಂಜನಮೂರ್ತಿ ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನನ್ನ ಕಡೆ ತಿರುಗಿದ.

"ನೀವು ಇಲ್ಲೇ ಇದ್ರಲ್ಲ ಕೃಷ್ಣಸ್ವಾಮಿಗಳೇ. ಹೇಳಿ, ಇವಳು ಹೇಳ್ತಿರೋದು ನಿಜಾನಾ?"